ಬಿಟ್ಟು ಏಳಬಹುದಾದ ಕೆಲಸ

ಮಗಳಿಗೆ ನಾಲ್ಕು ತಿಂಗಳು ತುಂಬಿದ ವಾರ ದೊಡ್ಡಮ್ಮ ಮೈಸೂರಿನ ನಮ್ಮ ಮನೆಗೆ ಬಂದರು. ಸಂಕ್ರಾಂತಿಗೆ ಇನ್ನು 12 ದಿನ ಇತ್ತು. ದೊಡ್ಡಮ್ಮ ಹುಟ್ಟಿ ಬೆಳೆದದ್ದು ಮೈಸೂರಿನಲ್ಲೇ. ದೊಡ್ಡಪ್ಪ ಹಳಿಯಾಳದ ಶಾಲೆಯಲ್ಲಿ ಮೇಷ್ಟರಾಗಿದ್ದ 11 ವರ್ಷ ಅವರ ಸಂಸಾರ ಆ ಕಡೆ ನಡೆಯಿತು. ಹಾಗಾಗಿ ಎರಡೂ ಸೀಮೆಯ ಕೈಕೆಲಸ ಅವರಿಗೆ ಗೊತ್ತು. ಕೂಸು ಮಲಗಿದ್ದ ಮಧ್ಯಾಹ್ನಗಳಲ್ಲಿ, ನಡುಮನೆಯಲ್ಲಿ ಕೂತು, ಬಿಡಿಬಿಡಿಯಾಗಿ ಆಡಿದ ಮಾತನ್ನು ಇಲ್ಲಿ ಒಟ್ಟುಮಾಡಿದ್ದೇನೆ. ನಡುವೆ ನಾನು ಎಷ್ಟು ಸಲ ಎದ್ದು ಹೋದೆ ಅನ್ನುವುದನ್ನು ಬರೆದಿಲ್ಲ.

— ಇದೇನೇ, ಮನೆ ತುಂಬ ಬಟ್ಟೆ ಚೂರು? 

— 40 ಚೀಲ ಹೊಲಿಯೋಣ ಅಂತಿದ್ದೆ ದೊಡ್ಡಮ್ಮ. ಅಂಗೈಯಗಲದ ಬಟ್ಟೆ ಚೀಲ. ಎಳ್ಳು ಬೀರೋಕೆ ಹೋಗುವಾಗ ಪ್ಲಾಸ್ಟಿಕ್ ಪೊಟ್ಟಣ ಬೇಡ, ಮಗಳ ಮೊದಲನೇ ಸಂಕ್ರಾಂತಿ, ನಾನೇ ಹೊಲಿದ ಚೀಲದಲ್ಲಿ ಕೊಡೋಣ ಅಂತ. ಆಮೇಲೆ ಇವಳ ಅಂಗಾಲಿನ ಅಚ್ಚು ತೆಗೆದು, ಕಟ್ಟು ಹಾಕಿಸಿ, ಎರಡು ಕಡೆ ಅಜ್ಜಿಯರಿಗೂ ಕೊಡಬೇಕು. ತೊಟ್ಟಿಲಿಗೆ ಬಟ್ಟೆ ಗಿಳಿ ಮಾಡಬೇಕು. ಒಂದು ಕೌದಿ ಹೊಲಿಯಬೇಕು.

— ಎಷ್ಟಾಯ್ತು?

— ಆರು ಚೀಲ.

— ಎಷ್ಟು ದಿನಕ್ಕೆ?

— ಒಂದು ತಿಂಗಳಿಗೆ. ಮೆಷಿನ್ ಮುಂದೆ ಕೂತು ಸೂಜಿಗೆ ದಾರ ಪೋಣಿಸೋ ಹೊತ್ತಿಗೆ ಎದ್ದುಬಿಡ್ತಾಳೆ. ಹಾಲು ಕುಡಿಸಿ ಮಲಗಿಸಿ ಬಂದು ನೋಡಿದರೆ ಯಾವ ಚೂರನ್ನು ಯಾವುದಕ್ಕೆ ಜೋಡಿಸ್ತಿದ್ದೆ ಅನ್ನೋದೇ ಮರೆತುಹೋಗಿರುತ್ತೆ. ಹೋದ ವಾರ ಅತ್ತುಬಿಟ್ಟೆ. ಇದನ್ನೆಲ್ಲ ನಿನ್ನ ಯಾರು ಕೇಳಿದ್ದರು ಅಂದರು ಇವರು. ಯಾರೂ ಕೇಳಿರಲಿಲ್ಲ.

— ಅಳಿಯಂದಿರು ಕೇಳಿದ್ದರಲ್ಲಿ ತಪ್ಪಿಲ್ಲ. ನಿನಗೆ ಆಸೆ ಆಗಿದ್ದರಲ್ಲೂ ತಪ್ಪಿಲ್ಲ. ಕೂಸು ಬಂದ ಮನೇಲಿ ಕೈ ಸುಮ್ಮನಿರಲ್ಲ ಕಣೆ. ಏನಾದರೂ ಮಾಡಿ ಯಾರಿಗಾದರೂ ಕೊಡಬೇಕು ಅನಿಸುತ್ತೆ. ನೀನು ತಪ್ಪಿರೋದು ಬೇರೆ ಕಡೆ.

— ಎಲ್ಲಿ?

— ಕೆಲಸ ಆರಿಸಿಕೊಂಡ ಕಡೆ. ಕೈಕೆಲಸದಲ್ಲಿ ಎರಡು ಬಗೆ. ಬಿಟ್ಟು ಏಳಬಹುದಾದ್ದು ಒಂದು, ಬಿಟ್ಟು ಏಳೋಕೆ ಆಗದ್ದು ಇನ್ನೊಂದು. ಮೆಷಿನ್ನು ಎರಡನೇ ಬಗೆ. ಅದಕ್ಕೆ ನೀನು ಪೂರ್ತಿ ಅರ್ಧ ದಿನ ಕೊಟ್ಟರೆ ಅದು ನಿನಗೆ 20 ಚೀಲ ಕೊಡುತ್ತೆ. ಚೂರು ಚೂರು ಹೊತ್ತು ಕೊಟ್ಟರೆ ಅದಕ್ಕೆ ಸಾಲದು. ನಿನ್ನ ಹತ್ತಿರ ಇರೋದು ಈಗ ಚೂರು ಹೊತ್ತೇ.

— ಬಿಟ್ಟು ಏಳೋ ಕೆಲಸ ಅಂದರೆ?

— ಗೆಜ್ಜೆವಸ್ತ್ರ ನೋಡು. ಗೌರಿಗೆ 16 ಎಳೆ, ಗಣಪತಿಗೆ 21 ಎಳೆ. ಹತ್ತಿ ಬಿಡಿಸಿ, ಬೀಜ ತೆಗೆದು, ಬೆರಳು ಒದ್ದೆ ಮಾಡಿಕೊಂಡು ಹೊಸೀತಾ ಹೋಗೋದು. ಐದು ಎಳೆಗೆ ಮಗು ಅತ್ತರೆ ಐದಕ್ಕೇ ನಿಲ್ಲುತ್ತೆ. ಸಾಯಂಕಾಲ ಬಂದು ಆರನೇದು ಹೊಸೆದರೆ ಮೊದಲಿನ ಐದಕ್ಕೆ ಏನೂ ಆಗಿರಲ್ಲ. ಹೂಬತ್ತಿನೂ ಹಾಗೇ. ನಮ್ಮಮ್ಮ ಶ್ರಾವಣ ಹುಟ್ಟೋ ಮುಂಚೆ ಶುರುಮಾಡಿ ಭಾದ್ರಪದದ ಹೊತ್ತಿಗೆ ಅಕ್ಕಪಕ್ಕದ ನಾಲ್ಕು ಮನೆಗೆ ಕೊಡೋಷ್ಟು ಮಾಡಿಡ್ತಿದ್ದರು. ಅವರು ಅದಕ್ಕೇ ಅಂತ ಕೂತಿದ್ದನ್ನ ನಾನು ನೋಡಿಲ್ಲ. ಐದು ಮಕ್ಕಳ ತಾಯಿ, ಎಲ್ಲಿ ಕೂರೋದು? ಆ ಕೆಲಸ ಇರೋ ರೀತಿಯೇ ಹಾಗೆ. ಕಂಕುಳಲ್ಲಿ ಮಗು ಇರೋ ಹೆಂಗಸರೇ ಅದನ್ನ ಕಂಡುಹಿಡಿದಿರಬೇಕು ಅಂತ ನನಗೆ ಬಹಳ ಸಲ ಅನ್ನಿಸಿದೆ.

(ಈ ಮಾತು ನನಗೆ ಹೊಸದು. ನಾಲ್ಕು ತಿಂಗಳಿಂದ ನಾನು ಹೊತ್ತು ಸಾಲದು ಎಂದು ಕೊರಗುತ್ತಿದ್ದೆ. ಹೊತ್ತಿನ ಆಕಾರ ಬದಲಾಗಿದೆ, ಕೆಲಸವನ್ನು ಅದಕ್ಕೆ ಹೊಂದಿಸಿ ಆರಿಸಬೇಕು ಎಂಬುದು ಹೊಳೆದಿರಲಿಲ್ಲ.)

— ಹಾಗಾದರೆ ಚೀಲ ಬಿಡಲಾ?

— ಆರಕ್ಕೆ ನಿಲ್ಲಿಸು. ಆರು ಮನೆಗೆ ಚೀಲದಲ್ಲಿ ಹೋಗಲಿ, ಮಿಕ್ಕವರಿಗೆ ಡಬ್ಬೀಲಿ ಹೋಗಲಿ. ಕೌದಿ ತೆಗೆದುಕೋ. ಅದು ಬಿಟ್ಟು ಏಳೋ ಕೆಲಸಗಳಿಗೆಲ್ಲ ಅರಸು. ಅಜ್ಜಿಯ ಹಳೇ ಸೀರೆ ಎಲ್ಲಿವೆ?

— ಟ್ರಂಕಿನಲ್ಲಿ ನಾಲ್ಕಿವೆ. ಎರಡು ಹರಿದುಹೋಗಿವೆ. ಆದರೆ ಮಗುವಿನ ಕೌದಿಗೆ ಹೊಸ ಕಾಟನ್ ತಂದಿದ್ದೀನಲ್ಲ, ಆ ಹಳದಿ ಬಟ್ಟೆ.

— ಅದನ್ನ ಅಂಚಿಗೆ ಇಟ್ಟುಕೋ. ಮೈಗೆ ತಾಗೋ ಕಡೆ ಹಳೇದೇ ಇರಲಿ. ಹೊಸ ಬಟ್ಟೇಲಿ ಗಂಜಿ ಇರುತ್ತೆ, ಬಣ್ಣ ಬಿಡುತ್ತೆ. ನೂರು ಸಲ ಒಗೆದ ನೂಲಿನ ಸೀರೆಗೆ ಬಿಡೋಕೆ ಬಣ್ಣವೇ ಉಳಿದಿರಲ್ಲ. ಬೆವರು ಹೀರುತ್ತೆ, ಉಚ್ಚೆ ಹೀರುತ್ತೆ, ಬೇಗ ಒಣಗುತ್ತೆ. ಹುಟ್ಟಿದ ಕೂಸಿಗೆ ಮೊದಲು ಹಳೇ ಬಟ್ಟೆ ಹಾಕಬೇಕು ಅಂತ ಹಿರಿಯರು ಹೇಳ್ತಿದ್ದರಲ್ಲ, ದೃಷ್ಟಿಯ ಮಾತು ಹಾಗಿರಲಿ, ಚರ್ಮಕ್ಕೆ ಅದೇ ಸರಿ.

— ನಾಮಕರಣಕ್ಕೆ ನೀವು ಕಳಿಸಿದ ಕುಲಾವಿಯೂ ಹಾಗೇ ಮೆತ್ತಗಿತ್ತು.

— ಅದೂ ಅಜ್ಜಿಯ ಸೀರೆಯೇ. ಧಾರವಾಡದ ಕಡೆ ಕುಂಚಿಗೆ ಅಂತಾರೆ, ತಲೆ ಮುಚ್ಚಿ ಬೆನ್ನ ಮೇಲೂ ಇಳಿಬೀಳುತ್ತೆ. ಗುಳೇದಗುಡ್ಡದ ಖಣದಲ್ಲಿ ಹೊಲಿದರೆ ಅದರ ಚೆಂದವೇ ಬೇರೆ. ತೊಟ್ಟಿಲಿಗೆ ಹಾಕೋ ದಿನ ತವರಿನವರು ತರಬೇಕು. ನಾನು ಒಳಗಡೆ ಸೀರೆ, ಹೊರಗಡೆ ಖಣ ಕೊಟ್ಟು ಹೊಲಿದೆ.

ಸೀರೆಗಳನ್ನು ಹೊರಗೆ ತೆಗೆದೆವು. ದೊಡ್ಡಮ್ಮ ಒಂದೊಂದನ್ನೂ ಬೆಳಕಿಗೆ ಹಿಡಿದು, ಎರಡು ಕೈಯಲ್ಲಿ ಜಗ್ಗಿ, ಪಿಸಿಯುವ ಭಾಗವನ್ನು ಬೇರೆ ಮಾಡಿದರು. ಗಟ್ಟಿ ಇರುವುದು ಮೇಲಕ್ಕೂ ಕೆಳಕ್ಕೂ, ಪಿಸಿದದ್ದು ನಡುವಿನ ಪದರಕ್ಕೆ. ಯಾವುದನ್ನೂ ಎಸೆಯಲಿಲ್ಲ.

— ಹಳಿಯಾಳದಲ್ಲಿ ನಮ್ಮ ಹಿತ್ತಿಲ ಆಚೆ ಒಬ್ಬ ಸಿದ್ದಿ ಹೆಂಗಸು ಇದ್ದಳು. ಅವಳ ಮೊಮ್ಮಗುವಿಗೆ ಹೊಲಿಯೋದನ್ನ ನೋಡಿ ನಾನು ಕಲಿತೆ. ಅವರು ಕವಂದಿ ಅಂತಾರೆ. ಅಳತೆ ಪಟ್ಟಿ ಇಲ್ಲ, ಸೀಮೆಸುಣ್ಣದ ಗೆರೆ ಇಲ್ಲ. ಒಂದು ಮೂಲೆಯಿಂದ ಹಿಡಿದು ಅಂಚು ಅಂಚಿಗೇ ಹೊಲಿಗೆ ಹಾಕ್ತಾ, ಚೂರು ಸಿಕ್ಕ ಹಾಗೆ ಜೋಡಿಸ್ತಾ, ಸುತ್ತು ಹಾಕಿ ಹಾಕಿ ನಡುವಿಗೆ ಬಂದು ಮುಗಿಸೋದು. ಕೊನೇಲಿ ನಾಲ್ಕು ಮೂಲೆಗೆ ಮಡಿಸಿದ ತ್ರಿಕೋನದ ಚೂರು. ಅದು ಹೂವು, ಫುಲಾ ಅಂತಾರೆ. ಫುಲಾ ಇಲ್ಲದ ಕವಂದಿ ಬೆತ್ತಲೆ ಅನ್ನೋರು.

— ಅದರ ಮೇಲೆ ಪುಸ್ತಕವೇ ಬಂದಿದೆ ದೊಡ್ಡಮ್ಮ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಬರೆದಿದ್ದಾರೆ. ಆ ಕವಂದಿಗಳು ನ್ಯೂಯಾರ್ಕಿನವರೆಗೂ ಪ್ರದರ್ಶನಕ್ಕೆ ಹೋಗಿವೆ. ಆಫ್ರಿಕದಿಂದ ಬಂದವರ ಮಕ್ಕಳು ಮೊಮ್ಮಕ್ಕಳು ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಾಡಂಚಿನಲ್ಲಿ ಕೂತು ಹೊಲಿದದ್ದು.

— ಹೋಗಲಿ, ಬಹಳ ಸಂತೋಷ. ನಾನು ಕಂಡಿದ್ದು ಇಷ್ಟು: ಆ ಹೆಂಗಸು ಗದ್ದೆ ಕೆಲಸ ಮುಗಿಸಿ ಬಂದು, ಅನ್ನಕ್ಕೆ ಇಟ್ಟು, ಅದು ಬೇಯೋವರೆಗೆ ಒಂದು ಗೇಣು ಹೊಲೀತಿದ್ದಳು. ಮಾರನೇ ದಿನ ಇನ್ನೊಂದು ಗೇಣು. ಮಳೆಗಾಲ ಕಳೆಯೋ ಹೊತ್ತಿಗೆ ಕವಂದಿ. ನೀನೂ ಹಾಗೆ ಹಿಡಿ. ಮೂರೇ ಪದರ ಸಾಕು. ಮೊದಲು ಪದರಗಳು ಜರುಗದ ಹಾಗೆ ಕಚ್ಚಾ ಹೊಲಿಗೆ ಹಾಕು. ಆಮೇಲೆ ದಪ್ಪ ನೂಲಲ್ಲಿ ಅಂಚಿನಿಂದ ಸುತ್ತು. ಹೊಲಿಗೆ ಭತ್ತದ ಕಾಳಿನಷ್ಟು ಉದ್ದ, ಸುತ್ತಿನಿಂದ ಸುತ್ತಿಗೆ ಒಂದು ಬೆರಳು. ಸೂಜಿ ಎರಡೇ ಇಟ್ಟುಕೋ.

— ಎರಡೇ ಯಾಕೆ?

— ಎಣಿಸೋಕೆ ಸುಲಭ. ಏಳೋವಾಗ ಸೂಜಿಯನ್ನ ಬಟ್ಟೇಲಿ ಚುಚ್ಚಿ ಬಿಟ್ಟು ಹೋಗಬೇಡ. ದಾರ ಕತ್ತರಿಸಿ, ಸೂಜಿ ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ, ಆಮೇಲೆ ಮಗು ಎತ್ತಿಕೋ. ಅಷ್ಟು ಅತ್ತರೆ ಏನೂ ಆಗಲ್ಲ. ತೊಡೆ ಮೇಲೆ ಮಗು ಇಟ್ಟುಕೊಂಡಂತೂ ಹೊಲಿಯಲೇ ಬೇಡ. ಗುಂಡಿ, ಮಣಿ, ಕನ್ನಡಿ, ಇವೂ ಬೇಡ. ಇನ್ನೆರಡು ತಿಂಗಳಿಗೆ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತೆ.

ಅಷ್ಟು ಹೇಳಿ ದೊಡ್ಡಮ್ಮ ಒಳಗೆ ಹೋಗಿ ತಮ್ಮ ಚೀಲದಿಂದ ಒಂದು ಪುಟ್ಟ ದಿಂಬು ತಂದು ನನ್ನ ಮಡಿಲಲ್ಲಿ ಇಟ್ಟರು. ಬಿಳಿ ನೂಲುಬಟ್ಟೆ, ಅದರ ಮೇಲೆ ಕೆಂಪು ಕಪ್ಪು ದಾರದಲ್ಲಿ ಕಸೂತಿಯ ಗೋಪುರ. ಗವಂತಿ ಹೊಲಿಗೆ, ತಿರುವಿ ನೋಡಿದರೆ ಹಿಂದೆಯೂ ಮುಂದಿನಷ್ಟೇ ಅಚ್ಚುಕಟ್ಟು. ಅಲುಗಿಸಿದರೆ ಒಳಗೆ ಸಾಸಿವೆಯ ಸದ್ದು.

— ಕಣ್ಣು ಮಂಜಾಗಿದೆ, ಎರಡು ತಿಂಗಳು ಹಿಡೀತು. ಇದರ ಮೇಲೆ ಮಲಗಿಸು, ತಲೆ ಗುಂಡಗೆ ಕೂರುತ್ತೆ.

ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ. ಹೇಳದೆ ಇರುವಂತೆಯೂ ಇರಲಿಲ್ಲ.

— ದೊಡ್ಡಮ್ಮ, ಇದನ್ನ ಅವಳ ತಲೆ ಕೆಳಗೆ ಇಡೋಕೆ ಆಗಲ್ಲ. ಮಕ್ಕಳ ಡಾಕ್ಟರು ಮೊದಲ ವರ್ಷ ದಿಂಬೇ ಬೇಡ ಅಂದಿದ್ದಾರೆ. ಮಲಗೋ ಜಾಗದಲ್ಲಿ ದಿಂಬು, ಮೆತ್ತನೆ ಗೊಂಬೆ, ಸಡಿಲವಾದ ಹೊದಿಕೆ ಯಾವುದೂ ಇರಬಾರದು. ಗಟ್ಟಿಯಾದ ಸಮ ಹಾಸಿಗೆ, ಮಗು ಅಂಗಾತ. ಅಷ್ಟೇ. ಮುಖದ ಮೇಲೆ ಏನಾದರೂ ಬಿದ್ದರೆ ತಳ್ಳಿಕೊಳ್ಳೋ ಶಕ್ತಿ ಇವಕ್ಕಿಲ್ಲ, ಉಸಿರು ಕಟ್ಟುತ್ತೆ.

— ನಿನ್ನನ್ನೂ ನಿನ್ನ ಅಣ್ಣನನ್ನೂ ಸಾಸಿವೆ ದಿಂಬಿನ ಮೇಲೇ ಮಲಗಿಸಿದ್ದು. ಊರಿನ ಮಕ್ಕಳೆಲ್ಲ ಅದರ ಮೇಲೇ ಬೆಳೆದವು. ಬದುಕಲಿಲ್ಲವೇ?

— ಬದುಕಿದವರು ನಾವು ಹೇಳ್ತಿದ್ದೀವಿ ದೊಡ್ಡಮ್ಮ. ಹೋದವರು ಹೇಳೋಕೆ ಇಲ್ಲವಲ್ಲ.

ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಬೀದಿಯಲ್ಲಿ ಸೊಪ್ಪಿನವನ ಕೂಗು ಬಂದು ಹೋಯಿತು.

— ಹೌದು. ನಮ್ಮ ಬೀದೀದು ಒಂದನ್ನೇ ಎಣಿಸಿದರೂ ಒಂದು ಕೈ ಬೆರಳು ಸಾಲದು. ರಾತ್ರಿ ಚೆನ್ನಾಗಿದ್ದ ಕೂಸು ಬೆಳಗಾಗೋದರಲ್ಲಿ ಇಲ್ಲ ಅಂದರೆ ಗಾಳಿ ಸೋಕು ಅನ್ನೋರು, ಸುಮ್ಮನಾಗೋರು. ಯಾಕೆ ಅಂತ ಯಾರು ಕೇಳಿದರು? ಕತ್ತರಿ ಕೊಡು ಇಲ್ಲಿ.

— ಬೇಡ ದೊಡ್ಡಮ್ಮ, ಹಾಗೇ ಎತ್ತಿಡ್ತೀನಿ. ದೊಡ್ಡವಳಾದ ಮೇಲೆ ಕೊಡ್ತೀನಿ.

— ಮನೇಲಿದ್ದರೆ ಯಾರೋ ಒಬ್ಬರು ತೆಗೆದು ಇಟ್ಟೇ ಇಡ್ತಾರೆ. ನಾನೇ ಇಟ್ಟರೂ ಇಟ್ಟೆ. ಕೊಡು.

ಅವರೇ ಅಂಚಿನ ಹೊಲಿಗೆ ಬಿಚ್ಚಿ ಸಾಸಿವೆಯನ್ನು ಡಬ್ಬಿಗೆ ಸುರಿದರು. ಕಸೂತಿಯ ಬಟ್ಟೆಯನ್ನು ಮಡಿಸಿ ಕೌದಿಯ ಚೂರುಗಳ ಜೊತೆ ಇಟ್ಟರು. ನಡುವೆ ಇದೇ ಬರಲಿ ಎಂದರು. ಕೈಯಾರೆ ಮಾಡಿದ ಉಡುಗೊರೆಗೆ ಎದುರು ಮಾತಾಡಬಾರದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಮಾಡಿದವರ ಪ್ರೀತಿ ದೊಡ್ಡದು ನಿಜ. ಮಗುವಿನ ಉಸಿರಿನ ವಿಷಯಕ್ಕೆ ಬಂದಾಗ ಆ ಪ್ರೀತಿಯನ್ನೂ ನಿಲ್ಲಿಸಿ ಕೇಳಬೇಕು. ಎರಡು ತಿಂಗಳ ಕೆಲಸವನ್ನು ಎರಡು ನಿಮಿಷದಲ್ಲಿ ಬಿಚ್ಚಿದ ದೊಡ್ಡಮ್ಮನ ಮೇಲೆ ಅವತ್ತು ನನಗಿದ್ದ ಗೌರವ ಇನ್ನೂ ಹೆಚ್ಚಾಯಿತು.

— ಹಾಗಾದರೆ ಈ ಕೌದಿಯನ್ನೂ ಹೊದಿಸೋ ಹಾಗಿಲ್ಲ ಅನ್ನು.

— ಹೊದಿಸೋಕಲ್ಲ, ನೆಲಕ್ಕೆ ಹಾಸೋಕೆ. ಎಚ್ಚರ ಇದ್ದಾಗ ಬೋರಲು ಹಾಕಿ ಪಕ್ಕದಲ್ಲೇ ಕೂತಿರ್ತೀವಲ್ಲ, ಅದಕ್ಕೆ. ಈಗ ಕತ್ತು ಎತ್ತೋಕೆ ಶುರುಮಾಡಿದ್ದಾಳೆ. ಕೌದಿಯ ಬಣ್ಣದ ಚೂರು ನೋಡ್ತಾ ಮಲಗಿರ್ತಾಳೆ.

— ಗಿಳಿ?

— ತೊಟ್ಟಿಲ ಗಿಳಿ ಈಗ ಮಾಡಿದರೆ ಬರೀ ಒಂದು ತಿಂಗಳು ಇಟ್ಟುಕೊಳ್ಳಬಹುದು. ಐದು ತಿಂಗಳಾಗಿ ಕೈ ಊರಿ ಏಳೋಕೆ ಹೊರಟರೆ ಬಿಚ್ಚಿಡಬೇಕು, ದಾರಕ್ಕೆ ಕೈ ಹಾಕಿ ಎಳೆದುಕೊಳ್ತಾರೆ.

— ಸರಿ, ಗಿಳಿ ಬಿಡು. ಕಾಲಿನ ಅಚ್ಚು?

— ಅದು ಮಾಡ್ತೀನಿ. ಕುಂಕುಮ ಬೇಡ, ಅಕ್ಕಿಹಿಟ್ಟು ಕಲಸಿ ಕಪ್ಪು ಕಾಗದದ ಮೇಲೆ. ಐದು ನಿಮಿಷದ ಕೆಲಸ.

— ಕೃಷ್ಣನ ಹೆಜ್ಜೆ ಹಾಕಿದ ಹಾಗೆ.

ಮಾರನೇ ದಿನದಿಂದ ಎಳ್ಳು ಬೆಲ್ಲದ ಕೆಲಸ ಶುರುವಾಯಿತು. ದೇವರಾಜ ಮಾರ್ಕೆಟ್ಟಿನಲ್ಲಿ ಬೆರೆಸಿದ್ದೇ ಸಿಗುತ್ತದೆ, ಸಕ್ಕರೆ ಅಚ್ಚೂ ಸಿಗುತ್ತದೆ. ಕೂಸಿರುವ ಮನೆಯವರು ಕೊಂಡು ತಂದು ಬೀರಿದರೆ ಯಾರೂ ತಪ್ಪು ಹೇಳಬಾರದು. ನಾವು ಮನೆಯಲ್ಲೇ ಮಾಡಿದ್ದು ದೊಡ್ಡಮ್ಮ ಇದ್ದರು ಎಂಬ ಧೈರ್ಯದಿಂದ. ಕೊಬ್ಬರಿಯ ಕಂದು ಸಿಪ್ಪೆ ಹೆರೆಯುವುದು, ಚಿಕ್ಕದಾಗಿ ಹೆಚ್ಚುವುದು, ಬೆಲ್ಲ ಹೆಚ್ಚುವುದು, ಕಡಲೆಕಾಯಿ ಬೀಜ ಹುರಿದು ಸಿಪ್ಪೆ ತೆಗೆದು ಬೇಳೆ ಮಾಡುವುದು, ಎಲ್ಲವನ್ನೂ ಬಿಸಿಲಿಗೆ ಇಡುವುದು. ಇದೆಲ್ಲ ಬಿಟ್ಟು ಏಳಬಹುದಾದ ಕೆಲಸ. ಸಕ್ಕರೆ ಅಚ್ಚು ಹಾಗಲ್ಲ.

— ಸಕ್ಕರೆ ಅಚ್ಚಿಗೆ ಕೈ ಹಾಕುವಾಗ ನಿನ್ನ ಗಂಡ ಮನೇಲಿರಬೇಕು. ಭಾನುವಾರ ಮಾಡೋಣ.

— ಅವರಿಗೆ ಬರಲ್ಲ ದೊಡ್ಡಮ್ಮ.

— ನಿನಗೆ ಬರುತ್ತಾ? ಕೂಸು ಬರೋಕೆ ಮುಂಚೆ ಇಬ್ಬರಿಗೂ ಕೂಸು ಎತ್ತಿಕೊಳ್ಳೋಕೂ ಬರ್ತಿರಲಿಲ್ಲ. ನಿನ್ನ ದೊಡ್ಡಪ್ಪ ಅಡಕತ್ತರಿ ಹಿಡಿದು ಕೊಬ್ಬರಿ ಹೆಚ್ಚೋಕೆ ಕೂತರೆ ಒಂದೊಂದು ಚೂರೂ ಒಂದೇ ಅಳತೆ. ಶಾಲೆಯವರು ನೋಡಿ ನಗ್ತಾರೆ ಅಂತ ಬಾಗಿಲು ಹಾಕಿಕೊಳ್ಳೋರು. ಈಗ ಬಾಗಿಲು ಹಾಕೋದು ಬೇಡ.

— ಇವರಿಗೆ ಮಗು ಹುಟ್ಟಿದಾಗ ಐದೇ ದಿನ ರಜೆ ಕೊಟ್ಟಿದ್ದು. ಕೇಂದ್ರ ಸರ್ಕಾರದ ನೌಕರರಾದರೆ 15 ದಿನ. ಖಾಸಗಿ ಕಂಪನಿಗಳಿಗೆ ಕಾನೂನೇ ಇಲ್ಲ, ಅವರು ಕೊಟ್ಟಷ್ಟು. ಆರನೇ ದಿನ ಲ್ಯಾಪ್‌ಟಾಪ್ ತೆಗೆದಾಗ ಅವರ ಮುಖ ನೋಡೋಕೆ ಆಗ್ತಿರಲಿಲ್ಲ. ದೀಪಾವಳಿಗೆ ಆಕಾಶಬುಟ್ಟಿ ಮಾಡಿದರು, ಗೊತ್ತಾ? ಬಿದಿರ ಕಡ್ಡಿ ಸೀಳಿ, ಚೌಕಟ್ಟು ಕಟ್ಟಿ, ಹಳದಿ ಹಾಳೆ ಅಂಟಿಸಿ. ಮಗು ಮಲಗಿದ ಮೇಲೆ ರಾತ್ರಿ ಹತ್ತಕ್ಕೆ ಕೂತು, ಮೂರು ರಾತ್ರಿ. ಒಂದು ರಾತ್ರಿ ಅಂಟಿಸಿದ್ದು ಮಾರನೇ ರಾತ್ರಿಯವರೆಗೆ ಒಣಗ್ತಿತ್ತು. 

— ನೋಡು, ಅದೂ ಬಿಟ್ಟು ಏಳೋ ಕೆಲಸವೇ. ಅವರೇ ಕಂಡುಕೊಂಡಿದ್ದಾರೆ.

— ಅದು ಉರಿದ ದಿನ ಅವರ ಹೆಗಲ ಮೇಲೆ ಮಲಗಿ ಇವಳು ಕಣ್ಣು ಮಿಟುಕಿಸದೆ ನೋಡಿದಳು.

ಭಾನುವಾರ ಬಂತು. ಮರದ ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಿಗೆ ಹಾಕಿದ್ದೆವು. ಬಾತುಕೋಳಿ, ಮೀನು, ಗಿಳಿ, ಗೋಪುರ, ಬೃಂದಾವನ. ನಮ್ಮ ಅಜ್ಜಿಯ ಕಾಲದ ಎಂಟು ಅಚ್ಚು. ಎರಡು ಹೋಳು ಕೂಡಿಸಿ ದಾರದಿಂದ ಬಿಗಿಯಾಗಿ ಕಟ್ಟುವುದು ನನ್ನ ಪಾಲಿಗೆ ಬಂತು, ಪಾಕ ಇವರ ಪಾಲಿಗೆ. ಕೂಸನ್ನು ಅಮ್ಮ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಕುದಿಯುವ ಸಕ್ಕರೆ ಪಾಕ ಮೈಗೆ ಬಿದ್ದರೆ ಅಂಟಿಕೊಂಡು ಸುಡುತ್ತದೆ. ಆ ಹೊತ್ತಿನಲ್ಲಿ ಮಗು ಅಡುಗೆಮನೆಯ ಹತ್ತಿರವೂ ಇರಕೂಡದು.

— ಒಂದು ಕೆಜಿ ಸಕ್ಕರೆಗೆ ಮುಳುಗೋಷ್ಟು ನೀರು. ಕಾದ ಮೇಲೆ ಎರಡು ಚಮಚ ಹಾಲು ಹಾಕಿ. ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತೆ. ಬಂತಾ? ತೆಗೀರಿ. ಬಟ್ಟೇಲಿ ಸೋಸಿ. ಹೀಗೆ ತಿಳಿಯಾಗಿರಬೇಕು. ಈಗ ಅದರಲ್ಲಿ ಎರಡು ಸೌಟು ಮಾತ್ರ ಈ ಸಣ್ಣ ಪಾತ್ರೆಗೆ. ಎಲ್ಲಾ ಒಟ್ಟಿಗೆ ಕುದಿಸಿದರೆ ಅಚ್ಚಿಗೆ ಹುಯ್ಯೋದರೊಳಗೆ ಗಟ್ಟಿಯಾಗುತ್ತೆ.

— ಎಷ್ಟು ನಿಮಿಷ ದೊಡ್ಡಮ್ಮ?

ಇದು ಇವರ ದನಿ. ಕೈಯಲ್ಲಿ ಸೌಟು, ಕಣ್ಣು ಪಾತ್ರೆಯೊಳಗೆ.

— ನಿಮಿಷ ಎಣಿಸಬೇಡಿ. ಪಾಕ ನೋಡಿ. ಎಳೆ ಬಂದ ಮೇಲೆ ಇಳಿಸಿ ತಿರುವುತ್ತಾ ಇರಿ. ನೀರಿನ ಹಾಗೆ ಕಾಣ್ತಿರೋದು ಮಂಜು ಮಂಜಾಗಬೇಕು. ಈಗ! ಹುಯ್ಯಿರಿ, ಬೇಗ ಹುಯ್ಯಿರಿ.

ಮೊದಲ ಸರತಿ ಪಾಕ ಎಳೆಯದಾಗಿ ಅಚ್ಚಿಗೆ ಅಂಟಿಕೊಂಡಿತು. ಎರಡನೆಯದು ಮೀರಿ ಪಾತ್ರೆಯಲ್ಲೇ ಪುಡಿಯಾಯಿತು. ಅದಕ್ಕೆ ಮತ್ತೆ ನೀರು ಹಾಕಿ ಕರಗಿಸಿದೆವು, ಸಕ್ಕರೆಯ ಕೆಲಸದಲ್ಲಿ ಏನೂ ಹಾಳಾಗುವುದಿಲ್ಲ. ಮೂರನೆಯ ಸಲ ಹತ್ತು ನಿಮಿಷ ಬಿಟ್ಟು ದಾರ ಬಿಚ್ಚಿ, ಅಚ್ಚಿನ ಬೆನ್ನಿಗೆ ಮೆಲ್ಲಗೆ ತಟ್ಟಿದಾಗ ಬಿಳಿಯ ಬಾತುಕೋಳಿ ಇಡಿಯಾಗಿ ಇವರ ಅಂಗೈ ಮೇಲೆ ಬಂದು ಕೂತಿತು. ಕೊಕ್ಕು, ಕಣ್ಣು, ರೆಕ್ಕೆಯ ಗೆರೆ, ಎಲ್ಲ ಇತ್ತು. ಇವರು ಅದನ್ನು ಹಿಡಿದುಕೊಂಡು ಕೋಣೆಗೆ ಓಡಿದರು, ಮಗಳಿಗೆ ತೋರಿಸಲು.

— ಬಿಟ್ಟು ಏಳೋಕೆ ಆಗದ ಕೆಲಸ ಇಬ್ಬರು ಸೇರಿ ಮಾಡಬೇಕು, ಇಲ್ಲವೇ ಬಿಡಬೇಕು. ಒಬ್ಬಳೇ ಮಾಡ್ತೀನಿ ಅಂತ ಹೋದೆಯೋ, ಪಾಕವೂ ಕೆಡುತ್ತೆ, ಮಗುವೂ ಅಳುತ್ತೆ, ಮೈಯೂ ಸುಡುತ್ತೆ.

— ಇಷ್ಟೆಲ್ಲ ಮಾಡಿಯೂ ಇವಳಿಗೆ ಒಂದು ಕಾಳು ತಿನ್ನಿಸೋ ಹಾಗಿಲ್ಲವಲ್ಲ. ಕಡಲೆಬೀಜ, ಕೊಬ್ಬರಿ ಚೂರು, ಗಂಟಲಿಗೆ ಸಿಕ್ಕಿಕೊಳ್ಳೋವೇ. ಇನ್ನೂ ನಾಲ್ಕು ವರ್ಷ ಕೊಡೋ ಹಾಗಿಲ್ಲ. ಇವಳ ಹಬ್ಬ ಅಂತ ಇವಳ ಹೆಸರಲ್ಲಿ ಮಾಡ್ತಿದ್ದೀವಿ, ಇವಳಿಗೆ ಏನೂ ಗೊತ್ತಿಲ್ಲ.

— ಗೊತ್ತಾಗಬೇಕು ಅಂತ ಮಾಡಿದ್ದಾ? ಆ ಆಸೆ ಬಿಟ್ಟುಬಿಡು. ಮೊದಲ ವರ್ಷ ನಾವು ಮಾಡೋದು ಮಗುವಿನ ಸುತ್ತ ಇರೋರಿಗೆ. ಹೆತ್ತವಳನ್ನ ಎತ್ತಿ ಹಿಡಿದವರು ಯಾರು ಯಾರು? ಅವರಿಗೆ. ನಿನ್ನ ಪಟ್ಟೀಲಿ ಎರಡು ಕಡೆ ಅಜ್ಜಿಯರಿದ್ದಾರೆ, 40 ಮನೆ ಇವೆ. ಎಣ್ಣೆನೀರಿನ ಅಜ್ಜಿ ಇದ್ದಾರಾ?

ನಾನು ಸುಮ್ಮನಾದೆ. ಹೆರಿಗೆಯಾಗಿ ಮನೆಗೆ ಬಂದ ಮೂರನೇ ದಿನದಿಂದ 40 ದಿನ, ಬೆಳಗ್ಗೆ ಏಳಕ್ಕೆ ಬಂದು, ಕಾಲು ಚಾಚಿ ಮಣೆಯ ಮೇಲೆ ಕೂತು, ಮಗುವನ್ನು ಮೊಣಕಾಲುಗಳ ನಡುವೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ನೀರು ಹಾಕಿದವರು ಅವರು. ನನ್ನ ಬೆನ್ನಿಗೂ ಎಣ್ಣೆ ತಿಕ್ಕಿದವರು. ನಾನು ಕಾರಣವಿಲ್ಲದೆ ಅಳುತ್ತಿದ್ದ ಆ ವಾರಗಳಲ್ಲಿ, ಎಲ್ಲ ಬಾಣಂತಿಯರೂ ಅಳುತ್ತಾರೆ ಕಣವ್ವ, ಹಾಲು ಇಳಿಯುವ ಕಾಲ ಎಂದು ತಲೆ ಸವರಿದವರು.

— ದುಡ್ಡು ಕೊಟ್ಟಿದ್ದೀವಿ. ಒಂದು ಸೀರೆನೂ ಕೊಟ್ಟೆವು.

— ಅಂಗಡೀದು?

— ಹೂಂ.

— ಕೊಟ್ಟಿದ್ದು ಸರಿಯೇ. ಅವರ ಮಂಡಿ ನೋಡಿದ್ದೀಯಾ? ನಿನ್ನೆ ಬಂದಿದ್ದರಲ್ಲ, ಮೆಟ್ಟಿಲು ಹತ್ತೋವಾಗ ಗೋಡೆ ಹಿಡಿದುಕೊಂಡರು. ದಿನಾ ಮೂರು ಮನೆ, ಬರೀ ಮಣೆ ಮೇಲೆ, ತೇವದಲ್ಲಿ. ಅವರು ಕೂರೋಕೆ ಒಂದು ಹಾಸು ಹೊಲಿ. ಮೊಳ ಉದ್ದ, ಮೊಳ ಅಗಲ. ಕೆಳಗೆ ಹಳೇ ಕಂಬಳಿ ಚೂರು, ಮೇಲೆ ಐದಾರು ಪದರ ಸೀರೆ. ಒಗೆದರೆ ಒಣಗಬೇಕು, ಅಷ್ಟು ದಪ್ಪ. ಅದನ್ನ ಮೊದಲು ಮುಗಿಸು. ಕೂಸಿನ ಕೌದಿಗೆ ಆಮೇಲೆ ಕೈ ಹಾಕು.

ಎಂಟು ದಿನ ಹೊಲಿದೆ. ಹಗಲು ಇಪ್ಪತ್ತು ನಿಮಿಷ, ರಾತ್ರಿ ಹಾಲು ಕುಡಿಸಿ ಮಲಗಿಸಿದ ಮೇಲೆ ನಿದ್ದೆ ಬಾರದಿದ್ದರೆ ಇನ್ನೊಂದು ಹತ್ತು. ನಿದ್ದೆ ಬಂದ ರಾತ್ರಿ ಹೊಲಿಯಲಿಲ್ಲ. ದೊಡ್ಡಮ್ಮ ಅದೊಂದು ವಿಷಯದಲ್ಲಿ ಕಟ್ಟುನಿಟ್ಟು: ಬಾಣಂತಿಯ ನಿದ್ದೆ ಕದ್ದು ಮಾಡಿದ ಕೆಲಸ ಯಾರಿಗೂ ಒಳ್ಳೆಯದಲ್ಲ ಎಂದರು. ಮೆಷಿನ್ ಮುಂದೆ ಕೂತ ತಿಂಗಳಿನಲ್ಲಿ ಮಗು ಅತ್ತಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು, ಆ ಸಿಟ್ಟಿಗೆ ಮತ್ತೆ ನಾಚಿಕೆ. ಈ ಎಂಟು ದಿನ ಅವಳು ಅತ್ತಾಗ ಸೂಜಿ ಡಬ್ಬಿಗೆ ಹೋಗುತ್ತಿತ್ತು, ನಾನು ಎದ್ದು ಹೋಗುತ್ತಿದ್ದೆ, ಅಷ್ಟೇ. ಹೊಲಿಗೆಯ ಸುತ್ತುಗಳು ಸಮವಾಗಿಲ್ಲ. ಎಲ್ಲೆಲ್ಲಿ ಎದ್ದು ಹೋಗಿ ಬಂದೆನೋ ಅಲ್ಲೆಲ್ಲ ಒಂದೊಂದು ಗಂಟು ಕಾಣುತ್ತದೆ.

— ಇವು ಕಾಣದ ಹಾಗೆ ಮಾಡಬಹುದಾ ದೊಡ್ಡಮ್ಮ?

— ಯಾಕೆ? ಗಂಟು ಗಟ್ಟಿಯಾಗಿದೆ ತಾನೆ? ಇರಲಿ ಬಿಡು.

— ಫೆಬ್ರುವರಿ ಮೊದಲ ವಾರದಿಂದ ಕೆಲಸಕ್ಕೆ ಹೋಗಬೇಕು. ರಜೆ 26 ವಾರ. 2017ರ ತಿದ್ದುಪಡಿಗೆ ಮುಂಚೆ 12 ವಾರವೇ ಇದ್ದದ್ದು. ಆ ಲೆಕ್ಕದಲ್ಲಿ ನಾನು ಅದೃಷ್ಟವಂತೆ. ಹೆರಿಗೆಗೆ ನಾಲ್ಕು ವಾರ ಮುಂಚೆಯೇ ರಜೆ ಹಾಕಿದ್ದರಿಂದ ಮಗುವಿನ ಜೊತೆ ಸಿಕ್ಕಿದ್ದು 22. ಆಮೇಲೆ ಹೊಲಿಯೋಕೆ ಆಗುತ್ತೋ ಇಲ್ಲವೋ.

— ಆಗುತ್ತೆ. ಆಗದೇ ಇದ್ದರೂ ಕೌದಿ ಕೇಳಲ್ಲ. ಮಡಿಸಿಟ್ಟರೆ ಹತ್ತು ವರ್ಷ ಕಾಯುತ್ತೆ. ಇವಳು ತಾನೇ ಸೂಜಿ ಹಿಡಿಯೋ ಹೊತ್ತಿಗೆ ಉಳಿದ ಸುತ್ತನ್ನ ಇವಳೇ ಹಾಕಲಿ.

ಸಂಕ್ರಾಂತಿಯ ದಿನ ಸಂಜೆ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಆರತಿ ಮಾಡಿ ಎಲಚಿ ಹಣ್ಣು ಎರೆದೆವು. ಅವಳ ಕಡೆಗೆ ಮೆತ್ತನೆಯ ಹಣ್ಣು ನಾಲ್ಕು ಮತ್ತು ಹೂವಿನ ಎಸಳು ಮಾತ್ರ. ಕಬ್ಬಿನ ತುಂಡು, ಕಾಸು ಎಲ್ಲ ಪಕ್ಕದ ತಟ್ಟೆಯಿಂದ ಬೀದಿಯ ಮಕ್ಕಳ ಕೈಗೆ ಹೋದವು. ಎಳ್ಳು 14 ಮನೆಗೆ ಹೋಯಿತು, ಆರು ಮನೆಗೆ ಬಟ್ಟೆ ಚೀಲದಲ್ಲಿ, ಎಂಟು ಮನೆಗೆ ಸ್ಟೀಲ್ ಡಬ್ಬಿಯಲ್ಲಿ. ಇಬ್ಬರು ಅಜ್ಜಿಯರ ಗೋಡೆಯ ಮೇಲೂ ಈಗ ಅಂಗಾಲಿನ ಅಚ್ಚು ಇದೆ.

ಎಣ್ಣೆನೀರಿನ ಅಜ್ಜಿಗೆ ಎಳ್ಳಿನ ಜೊತೆ ಹಾಸು ಕೊಟ್ಟೆ. ಅವರು ಅದನ್ನು ತಿರುವಿ ನೋಡಿ, ನಮ್ಮ ನಡುಮನೆಯಲ್ಲೇ ಹಾಸಿ, ಕಾಲು ಚಾಚಿ ಕೂತು, ಕೂಸು ಕೊಡು ಎಂದು ಕೈ ನೀಡಿದರು. ಮಗಳ ಕೌದಿಯಲ್ಲಿ ಸುತ್ತು ಎರಡಾಗಿವೆ. ಮೂರೂವರೆ ಗೇಣು ಇನ್ನೂ ಉಳಿದಿದೆ.